ಮಗಳ ಮನೆಗೆ ಹೋಗಿ ಬಂದೆವು

ನಮ್ಮ ಕಡೆ ಯಾರದೋ ಮಗಳು ದುಬೈಯಲ್ಲಿ ಬಸುರಿ ಅಂದರೆ ಸಾಕು, ಅಮ್ಮನ ಪಾಸ್‌ಪೋರ್ಟ್ ತಯಾರು. ಬಾಣಂತನ ಮುಗಿಸಿಯೇ ಬರುವುದು. ಮಗ ಅಮೆರಿಕದಲ್ಲಿದ್ದರೆ ಅಪ್ಪ ಅಮ್ಮ ಇಬ್ಬರೂ ಹೋಗಿ ಹಿಮದಲ್ಲಿ ನಿಂತ ಫೋಟೊ ಹಾಕುತ್ತಾರೆ, ನಾವೆಲ್ಲ ಲೈಕ್ ಒತ್ತುತ್ತೇವೆ. ಯಾಕೆ ಹೋದಿರಿ ಅಂತ ಯಾರೂ ಕೇಳುವುದಿಲ್ಲ. ಆದರೆ ನಾನೂ ಇವರೂ ಯುಗಾಂಡಕ್ಕೆ ಹೋಗಿ ಮೂರು ವಾರ ಮಗಳ ಜೊತೆ ಇದ್ದು ಬಂದೆವು ಅಂದಾಗ ಮಾತ್ರ ಎಲ್ಲರ ಹುಬ್ಬು ಮೇಲೆ. ಯಾಕೆಂದರೆ ನಮ್ಮ ಮಗಳು ಸಿಸ್ಟರ್, ಕ್ರೈಸ್ತ ಸನ್ಯಾಸಿನಿ.

"ಟೀಚರೇ, ದೇವರಿಗೆ ಕೊಟ್ಟ ಮೇಲೆ ಮತ್ತೆ ಹಿಂದೆಯೇ ಹೋಗುವುದುಂಟಾ?" ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಒಬ್ಬರು ಹೀಗೇ ಕೇಳಿದರು. ನಗುತ್ತಲೇ ಕೇಳಿದ್ದು. ನಾನೂ ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು. ನನಗೆ ಉತ್ತರ ಯಾವಾಗಲೂ ಮನೆ ಮುಟ್ಟಿದ ಮೇಲೆಯೇ ಹೊಳೆಯುವುದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕಾಸರಗೋಡಿನ ಕಡೆಯ ಬೇಳದವರು. ಸೀತಾಂಗೋಳಿಯಿಂದ ಸ್ವಲ್ಪ ದೂರ. ರಾಜ್ಯ ಕೇರಳ, ಧರ್ಮಪ್ರಾಂತ್ಯ ಮಂಗಳೂರು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಂಚಾಯಿತಿಯಿಂದ ಬರುವ ಕಾಗದ ಮಲಯಾಳದಲ್ಲಿ. ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡಿ ರಿಟೈರ್ ಆದವಳು ನಾನು. ಇವರದ್ದು ಅಡಿಕೆ ತೋಟ. ಇಬ್ಬರು ಮಕ್ಕಳಲ್ಲಿ ಮಗ ಶಾರ್ಜಾದಲ್ಲಿದ್ದಾನೆ. ಅವನ ಮನೆಗೆ ನಾವು ನಾಲ್ಕು ಸಲ ಹೋಗಿದ್ದೇವೆ. ಮಗಳು ಯುಗಾಂಡದಲ್ಲಿ ಒಂಬತ್ತು ವರ್ಷದಿಂದ ಇದ್ದಾಳೆ, ಅವಳಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ. ಈ ಲೆಕ್ಕ ನನಗೇ ಹೊಳೆದದ್ದು ತಡವಾಗಿ.

ಅವಳು ಬರುವುದಿಲ್ಲವಾ ಅಂದರೆ ಬರುತ್ತಾಳೆ, ಇಷ್ಟು ವರ್ಷದಲ್ಲಿ ಎರಡು ಸಲ ರಜೆಗೆ ಬಂದಿದ್ದಳು. ಒಂದು ತಿಂಗಳು ಅನ್ನುವುದು ಬಾಯಿಮಾತಿಗೆ. ಮೊದಲ ವಾರ ಮಂಗಳೂರಿನ ಅವರ ಕಾನ್ವೆಂಟಿನಲ್ಲಿ. ಆಮೇಲೆ ಅತ್ತೆ, ಚಿಕ್ಕಪ್ಪ, ದೊಡ್ಡಪ್ಪ, ಹಾಸಿಗೆ ಹಿಡಿದ ಅಜ್ಜಿಯಂದಿರು, ಇಗರ್ಜಿಯ ನಮ್ಮ ವಾಡೆಯ (ವಾರ್ಡಿನ) ಮುಖಂಡರಾದ ಗುರಿಕಾರರ ಮನೆ, ಎಲ್ಲ ಕಡೆ ಒಂದೊಂದು ಕಪ್ ಚಾ. ನಡುವೆ ಹಲ್ಲಿನ ಡಾಕ್ಟರು. ನಮ್ಮ ಮನೆಯಲ್ಲೇ ಅವಳು ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ, ತಟ್ಟೆ ತಾನೇ ತೊಳೆದಿಡುತ್ತಾಳೆ, ಏನು ಬಡಿಸಿದರೂ "ಸಾಕು ಮಮ್ಮಿ, ತುಂಬ ಚೆನ್ನಾಗಿದೆ" ಅನ್ನುತ್ತಾಳೆ. ಚಿಕ್ಕವಳಿದ್ದಾಗ ತೊಂಡೆಕಾಯಿ ಕಂಡರೆ ಓಡುತ್ತಿದ್ದವಳು ಅದನ್ನೂ ಚೆನ್ನಾಗಿದೆ ಅಂದಾಗ ನನಗೆ ಗೊತ್ತಾಯಿತು, ಇವಳು ನಂಟರ ಹಾಗೆ ಬಂದು ಹೋಗುತ್ತಿದ್ದಾಳೆ. ಮತ್ತೆ ಶನಿವಾರದ ಫೋನು. "ಆರಾಮ ಮಮ್ಮಿ. ನೀವು ಆರಾಮ?" ಅಷ್ಟೇ.

ರಜೆಯ ಮಗಳನ್ನು ನೋಡಿ ಏನೂ ತಿಳಿಯುವುದಿಲ್ಲ, ಅವಳ ಕೆಲಸದ ದಿನಗಳಲ್ಲಿ ಅಲ್ಲಿಗೇ ಹೋಗಿ ನೋಡಬೇಕು ಅಂತ ನಾನು ಹಟ ಹಿಡಿದದ್ದು ಆಗಲೇ.

ಮೊದಲು ಬೇಡ ಅಂದದ್ದು ಅವಳೇ. ಅವಳ ಕಾರಣ ಸಣ್ಣದಲ್ಲ. ಆ ಮನೆಯಲ್ಲಿ ನಾಲ್ಕು ಜನ ಸಿಸ್ಟರ್‌ಗಳು. ಒಬ್ಬರು ಜಾರ್ಖಂಡಿನವರು, ಅವರ ಅಪ್ಪ ಅಮ್ಮ ಕೂಲಿ ಮಾಡುವವರು. "ನನ್ನ ಅಪ್ಪ ಅಮ್ಮ ವಿಮಾನದಲ್ಲಿ ಬಂದಿಳಿದರೆ ಅವಳಿಗೆ ಹೇಗಾಗಬೇಡ?" ಅಂದಳು. ನನಗೆ ಬಾಯಿ ಕಟ್ಟಿತು. ಬಡತನದ ವ್ರತ ಅಂದರೆ ಹರಿದ ಸೀರೆ ಉಡುವುದು ಅಂತ ನಾವು ತಿಳಿದಿದ್ದೇವೆ, ಬೇರೆಯವರಿಗೆ ಸಿಗದ್ದನ್ನು ತನಗೂ ಬೇಡ ಅನ್ನುವುದೂ ಅದರೊಳಗೇ ಬರುತ್ತದೆ. ಕಡೆಗೆ ಅವರ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಒಪ್ಪಿದ ಮೇಲೆ ನಾನೇ ಆ ಜಾರ್ಖಂಡಿನ ಸಿಸ್ಟರಿಗೆ ಫೋನ್ ಮಾಡಿ, ನಿಮ್ಮ ಮನೆಯಿಂದ ಏನು ತರಲಿ, ಅವರು ಮಂಗಳೂರಿಗೆ ಪಾರ್ಸೆಲ್ ಮಾಡಿದರೆ ನಾನು ಹೊತ್ತು ತರುತ್ತೇನೆ ಅಂದೆ. ಒಂದು ಕಿಲೋದ ಸಣ್ಣ ಗಂಟು ಬಂತು. ಒಳಗೆ ಏನಿತ್ತು ನಾನು ನೋಡಲಿಲ್ಲ.

ನಂಟರಿಗೆ ಬೇರೆಯದೇ ಚಿಂತೆ. ಅಷ್ಟು ದುಡ್ಡು ಹಾಕಿ ಆಫ್ರಿಕಾ ಯಾಕೆ, ಅದೇ ಖರ್ಚಿನಲ್ಲಿ ಹೋಲಿ ಲ್ಯಾಂಡ್ ಟೂರ್ ಹೋಗಬಹುದಿತ್ತಲ್ಲ, ಊಟ ವಸತಿ ಎಲ್ಲ ಅವರದ್ದೇ. ಹೌದು, ಹೋಗಬಹುದಿತ್ತು.

ಹೋಗುವವರಿಗೆ ಒಂದು ಮಾತು, ಹಳದಿ ಜ್ವರದ ಲಸಿಕೆ ಮರೆಯಬೇಡಿ. ಎಲ್ಲ ಆಸ್ಪತ್ರೆಯಲ್ಲೂ ಅದು ಸಿಗುವುದಿಲ್ಲ, ಸರಕಾರ ಗುರುತಿಸಿದ ಕಡೆ ಮಾತ್ರ. ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. 60 ದಾಟಿದವರಾದರೆ ಮೊದಲು ಡಾಕ್ಟರ ಹತ್ತಿರ ಕೇಳಿಯೇ ಹಾಕಿಸಬೇಕು. ಆ ಕಾರ್ಡ್ ಇಲ್ಲದಿದ್ದರೆ ಅವರು ಒಳಗೆ ಬಿಡುವುದಿಲ್ಲ, ವಾಪಸ್ ಬರುವಾಗ ನಮ್ಮವರೇ 6 ದಿನ ಬೇರೆ ಇಡಬಹುದು. ಇವರಿಗೆ ಸೂಜಿ ಅಂದರೆ ಹೆದರಿಕೆ, ಅದೊಂದು ದೊಡ್ಡ ಕತೆ, ಇಲ್ಲಿ ಬೇಡ.

ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ, ಮುಗಿಸಿ ಹೊರಟೆವು. ಒಂಬತ್ತು ವರ್ಷ ಆಶೀರ್ವಾದದ ತೆನೆಯನ್ನು ಲಕೋಟೆಯಲ್ಲಿ ಅಂಚೆಗೆ ಹಾಕುತ್ತಿದ್ದೆ, ಕೆಲವು ಸಲ ಕ್ರಿಸ್ಮಸ್ ಕಳೆದ ಮೇಲೆ ಮುಟ್ಟುತ್ತಿತ್ತು. ಈ ಸಲ ನನ್ನ ಪರ್ಸಿನಲ್ಲೇ ಇತ್ತು. ಪಕ್ಕದ ಮನೆಯ ಭಟ್ಟರ ಹೆಂಡತಿ ಹಲಸಿನ ಹಪ್ಪಳದ ಎರಡು ಕಟ್ಟು ತಂದು "ಸಿಸ್ಟರಕ್ಕನಿಗೆ ನನ್ನ ಲೆಕ್ಕದಲ್ಲಿ" ಅಂದರು. ಹಂದಿ ಮಾಂಸದ ಬಫಾತ್ ಸಾರಿಗೆ ಹಾಕುವ ಮಸಾಲೆ ಪುಡಿ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ. ಉಪ್ಪಿನಕಾಯಿ ಬಾಟ್ಲಿ ದಾರಿಯಲ್ಲಿ ಸೋರಿ ಇವರ ಹೊಸ ಬಿಳಿ ಅಂಗಿಗೆ ಮೆತ್ತಿತು. ಇಂದಿಗೂ ಕಲೆ ಹೋಗಿಲ್ಲ.

ಯುಗಾಂಡದ ವಿಮಾನ ನಿಲ್ದಾಣ ಇರುವ ಎಂಟೆಬ್ಬೆಯಲ್ಲಿ ಇಳಿಯುವಾಗ ಕೆಳಗೆ ನೀರೇ ನೀರು. ಸಮುದ್ರ ಅಂದುಕೊಂಡೆ, ಅದು ವಿಕ್ಟೋರಿಯಾ ಸರೋವರ. ಹೊರಗೆ ಬಂದರೆ ನಮ್ಮದೇ ಕೆಂಪು ಮಣ್ಣು. ಸುಳ್ಳಲ್ಲ, ಕುಂಬಳೆ ದಾಟಿ ಒಳಗಿನ ರಸ್ತೆಗೆ ತಿರುಗಿದ ಹಾಗೆಯೇ. ಮಸಾಕಾ ರಸ್ತೆಯಲ್ಲಿ ಬಾಳೆತೋಟ, ಮರಗೆಣಸು, ರಸ್ತೆಬದಿಯಲ್ಲಿ ಹಲಸಿನ ಹಣ್ಣು ಕಡಿದು ಮಾರುವವರು. ಅವರು ಅದಕ್ಕೆ ‘ಫೆನೆ’ ಅನ್ನುತ್ತಾರೆ. ನಮ್ಮ ಕೊಂಕಣಿಯಲ್ಲಿ ‘ಪಣಸ್’. ಇವರು ಗಾಡಿ ನಿಲ್ಲಿಸಿ ಒಂದು ಸೊಳೆ ಬಾಯಿಗೆ ಹಾಕಿ "ತುಳುವ ಅಲ್ಲ, ಬಕ್ಕೆಯೇ" ಅಂತ ತೀರ್ಪು ಕೊಟ್ಟರು. ಚಪಾತಿಗೆ ಅಲ್ಲಿಯೂ ಚಪಾತಿ ಅಂತಲೇ ಹೆಸರು. ಹಿಂದೆ ರೈಲು ಹಾಕಲು, ಅಂಗಡಿ ಇಡಲು ಹೋದ ನಮ್ಮ ದೇಶದವರು ಬಿಟ್ಟು ಬಂದದ್ದು. ಅಲ್ಲಿಯ ಸರ್ವಾಧಿಕಾರಿ ಇದಿ ಅಮೀನ್ 1972ರಲ್ಲಿ 90 ದಿನದ ಗಡುವು ಕೊಟ್ಟು ಅವರನ್ನೆಲ್ಲ ಓಡಿಸಿದ. ಚಪಾತಿ ಮಾತ್ರ ಅಲ್ಲೇ ಉಳಿಯಿತು.

ಊಟಕ್ಕೆ ಮಟೋಕೆ. ಹಸಿ ಬಾಳೆಕಾಯಿ ಸಿಪ್ಪೆ ತೆಗೆದು, ಬಾಳೆಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ ಹಿಸುಕುವುದು. ಜೊತೆಗೆ ನೆಲಗಡಲೆಯ ಗೊಜ್ಜಿನಂಥದ್ದು. ಎಲೆಯಲ್ಲಿ ಬೆಂದ ಆ ವಾಸನೆಗೆ ನನಗೆ ಅಮ್ಮನ ಅಡಿಗೆಮನೆಯ ಪತೊಳಿ, ಎಲೆಯಲ್ಲಿ ಸುತ್ತಿ ಬೇಯಿಸುವ ಸಿಹಿ ಕಡುಬು, ನೆನಪಾಯಿತು. ರುಚಿ? ಮೊದಲ ವಾರ ಸಪ್ಪೆ. ಮೂರನೇ ವಾರ ನಾನೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಶಾಲೆಯ ಮಕ್ಕಳು ನಮ್ಮನ್ನು ಕಂಡೊಡನೆ ಮೊಣಕಾಲೂರಿ ನಮಸ್ಕಾರ ಹೇಳಿದರು, ಹುಡುಗಿಯರು ಹಿರಿಯರಿಗೆ ಹಾಗೇ ಮಾಡುವುದಂತೆ. ನಮಗೆ ಅವರಿಟ್ಟ ಹೆಸರು ‘ಜಾಜಾ’. ಅಜ್ಜ ಅಜ್ಜಿ ಇಬ್ಬರಿಗೂ ಅದೇ ಪದ. ಸಿಸ್ಟರ ಅಪ್ಪ ಅಮ್ಮನಿಗೆ ಮೊಮ್ಮಕ್ಕಳಿಲ್ಲ ಅಂತ ಊರಲ್ಲಿ ಕನಿಕರ ತೋರಿಸುವವರಿದ್ದಾರೆ. ಅವರಿಗೆ ಹೇಳಿ, ಅಲ್ಲಿ ನನಗೆ ಮುನ್ನೂರು ಜನ ಇದ್ದಾರೆ.

ಮಗಳು ಪಾಠ ಮಾಡುವುದನ್ನು ಕಿಟಕಿಯ ಹೊರಗೆ ನಿಂತು ನೋಡಿದೆ. ಅಲ್ಲಿ ಮೊದಲ ಮೂರು ಕ್ಲಾಸು ಆಯಾ ಊರಿನ ಭಾಷೆಯಲ್ಲಿ, ನಾಲ್ಕರಿಂದ ಇಂಗ್ಲಿಷಿಗೆ ದಾಟಬೇಕು. ಅವಳದ್ದು ಆ ನಾಲ್ಕನೇ ಕ್ಲಾಸು. ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ಅವಳು ಅದನ್ನೇ ಮೆಲ್ಲ ಅಲ್ಲಿಯ ಲುಗಾಂಡ ಭಾಷೆಯಲ್ಲಿ ಕೇಳುತ್ತಾಳೆ, ಇಡೀ ಕ್ಲಾಸಿನ ಕೈ ಮೇಲೆ. ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು. ಕಾಸರಗೋಡಿನ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಧ್ಯೆ ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಜೋರಾಗಿ ಗದರಿದಳು. ಒಂದು ಪದವೂ ನನಗೆ ಅರ್ಥವಾಗಲಿಲ್ಲ, ಆದರೆ ದನಿ ನನ್ನದೇ. ಮೂವತ್ತು ವರ್ಷ ನಾನು ಹಿಂದಿನ ಬೆಂಚಿಗೆ ಗದರಿದ ದನಿ. ಮನೆಗೆ ಬರುವ ಆ ಮೆತ್ತಗಿನ ಸಿಸ್ಟರ್ ಬಾಯಿಂದ ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಎಲ್ಲ ಸಿಹಿಯೇ ಅಂದುಕೊಳ್ಳಬೇಡಿ. ನಾಲ್ಕನೇ ದಿನ ನಾನೊಂದು ತಪ್ಪು ಮಾಡಿದೆ. ಚಪ್ಪಲಿಯಿಲ್ಲದ ಒಬ್ಬಳು ಹುಡುಗಿಯ ಕೈಗೆ ಸ್ವಲ್ಪ ದುಡ್ಡು ಕೊಟ್ಟೆ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಇಪ್ಪತ್ತು ಮಕ್ಕಳು, ಮೂರು ಜನ ಅಮ್ಮಂದಿರು. ಮಗಳು ಅವರ ಹತ್ತಿರ ನಗುತ್ತಾ ಮಾತಾಡಿ ಕಳಿಸಿ, ಒಳಗೆ ಬಂದು ಬಾಗಿಲು ಹಾಕಿ ನನಗೆ ಹೇಳಿದಳು: "ಮಮ್ಮಿ, ನೀವು ಮೂರು ವಾರ ಇದ್ದು ಹೋಗುತ್ತೀರಿ. ನಾನು ಇಲ್ಲಿ ಇರಬೇಕು." ಆ ಹುಡುಗಿಯ ಅಪ್ಪನ ಹತ್ತಿರ ಫೀಸಿನ ಬದಲು ಬಾಳೆಗೊನೆ ತೆಗೆದುಕೊಳ್ಳುವುದು ಅಂತ ಅವಳು ಎರಡು ವರ್ಷ ಮಾತಾಡಿ ಒಪ್ಪಿಸಿದ್ದಳಂತೆ, ಅವರ ಮರ್ಯಾದೆಗೆ ಕುಂದು ಬಾರದ ಹಾಗೆ. ನಾನು ಒಂದು ನಿಮಿಷದಲ್ಲಿ ಅದನ್ನು ಕೆಡಿಸಿದೆ. ಆ ದಿನ ರಾತ್ರಿ ಊಟ ಸೇರಲಿಲ್ಲ. ಆಮೇಲೆ ನಾನು ಸುಮ್ನೆ ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕುವ ಕೆಲಸಕ್ಕೆ ಕೂತೆ, ಇವರು ಕೋಳಿಗೂಡು ರಿಪೇರಿ ಮಾಡಿದರು. ದಾನ ಕೊಡಲು ಹೋಗುವವರು ದಯವಿಟ್ಟು ದುಡ್ಡನ್ನು ಅಲ್ಲಿಯ ಸಿಸ್ಟರ್‌ಗಳ ಕೈಗೇ ಕೊಡಿ. ಮಕ್ಕಳ ಜೊತೆ ನಿಂತು ಫೋಟೊ ಹಾಕುವುದೂ ಬೇಡ. ನಮ್ಮ ಮಗುವಿನ ಫೋಟೊವನ್ನು ಯಾರೋ ವಿದೇಶದವರು ‘ಪಾಪ’ ಅಂತ ಬರೆದು ಹಾಕಿದರೆ ನಾವು ಬಿಡುತ್ತೇವಾ?

ಎರಡನೇ ವಾರ ಅವಳ ಕೋಣೆ ಗುಡಿಸುವಾಗ ಮೇಜಿನ ಡ್ರಾಯರಿನಲ್ಲಿ ಡಿಸ್ಪೆನ್ಸರಿಯ ಚೀಟಿಗಳು ಸಿಕ್ಕಿದವು. ಮಲೇರಿಯಾ, ಮೂರು ಸಲ. ತಾರೀಕು ನೋಡಿದೆ. ಅದರಲ್ಲೊಂದು ಶನಿವಾರ. ಆ ಶನಿವಾರವೂ ಫೋನಿನಲ್ಲಿ "ಆರಾಮ ಮಮ್ಮಿ" ಅಂದಿರುತ್ತಾಳೆ. ನಾನು ಆಗ ಏನು ಹೇಳಿರಬಹುದು? ಅಡಿಕೆ ರೇಟು ಬಿದ್ದದ್ದೋ, ಸೊಸೆಯ ಮೇಲಿನ ದೂರೋ. ಚೀಟಿಗಳನ್ನು ಇದ್ದ ಹಾಗೇ ಇಟ್ಟೆ, ಇವರಿಗೂ ಹೇಳಲಿಲ್ಲ. ಮಂಚದ ಸೊಳ್ಳೆಪರದೆ ಎತ್ತಿ ನೋಡಿದರೆ ಕಾಲಿನ ಕಡೆ ಮುಷ್ಟಿ ಹಿಡಿಸುವಷ್ಟು ತೂತು. ಸೂಜಿ ಕೇಳಿ ತಂದು ಹೊಲಿದೆ. ತಲೆಯ ಕಡೆ ಇನ್ನೂ ಎರಡು ಇತ್ತು, ನೂಲು ಮುಗಿಯಿತು. ಅವಳು ನೋಡಿದಳು, ಏನೂ ಅನ್ನಲಿಲ್ಲ. ರಾತ್ರಿ ಮಾತ್ರ ನನ್ನ ಪಕ್ಕ ಬಂದು ಕೂತು, ಮೊದಲ ವರ್ಷ ವಾಪಸ್ ಬಂದುಬಿಡುತ್ತೇನೆ ಅಂತ ಪತ್ರ ಬರೆದು ಹರಿದದ್ದನ್ನು ಹೇಳಿದಳು. ಕೊಂಕಣಿಯಲ್ಲಿ, ಕತ್ತಲಲ್ಲಿ, ತುಂಬ ಹೊತ್ತು. ಉಳಿದದ್ದು ಇಲ್ಲಿ ಬರೆಯುವಂಥದ್ದಲ್ಲ.

ಯುಗಾಂಡಕ್ಕೆ ಮೊದಲು ಹೋದ ಕಥೋಲಿಕ ಮಿಷನರಿಗಳು ಫ್ರಾನ್ಸಿನವರು, ಫಾದರ್ ಲೂರ್ದೆಲ್ ಮತ್ತು ಬ್ರದರ್ ಅಮಾನ್ಸ್. ಎಂಟೆಬ್ಬೆ ಹತ್ತಿರ ದೋಣಿಯಿಂದ ಇಳಿದದ್ದು 1879ರ ಫೆಬ್ರವರಿಯಲ್ಲಿ. ನಮ್ಮ ಮಂಗಳೂರಿಗೆ ಇಟಲಿಯ ಜೆಸ್ವಿತ್ ಪಾದ್ರಿಗಳು ಬಂದಿಳಿದದ್ದು 1878ರ ಕೊನೆಯ ದಿನ. ಎರಡು ತಿಂಗಳೂ ವ್ಯತ್ಯಾಸವಿಲ್ಲ! ಲೂರ್ದೆಲ್ ಅಲ್ಲೇ 1890ರಲ್ಲಿ ತೀರಿಕೊಂಡರು, ಆಗ ಅವರಿಗೆ ಬರೇ 36. ನಮ್ಮ ಬೇಳದ ಇಗರ್ಜಿಯ ವರ್ಷವೂ 1890. ಅವರೆಲ್ಲರಿಗೂ ಅಮ್ಮಂದಿರು ಇದ್ದಿರಬೇಕಲ್ಲ. ಆ ಕಾಲದಲ್ಲಿ ಹಡಗಿನಲ್ಲಿ ಬರುವ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ, ಅಮ್ಮ ಹೋಗಿ ನೋಡುವ ಮಾತಂತೂ ದೂರ. ನಮಗೆ ದುಬೈಯಲ್ಲಿ ವಿಮಾನ ಬದಲಿಸಿದರೆ ಮುಗಿಯಿತು. ಹೋಗಲು ಆಗದವರ ಕಾಲದಲ್ಲಿ ಹುಟ್ಟಿದ ಮಾತನ್ನು, ‘ದೇವರಿಗೆ ಕೊಟ್ಟಾಯ್ತು’ ಅನ್ನುವುದನ್ನು, ಹೋಗಲು ಆಗುವ ನಾವು ಯಾಕೆ ಹಿಡಿದುಕೊಂಡಿದ್ದೇವೆ? ಕೊಟ್ಟದ್ದು ಹೌದು. ಕೊಟ್ಟ ಮೇಲೆ ತಿರುಗಿ ನೋಡಬಾರದು ಅಂತ ನಮಗೆ ಯಾರು ಹೇಳಿದ್ದು?

ಇದನ್ನು ಓದುವ ಗುರಿಕಾರರೂ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಅಕ್ಟೋಬರಿನ ಮಿಷನ್ ಆದಿತ್ಯವಾರವನ್ನು ಪೋಪರು 1926ರಲ್ಲಿ ಗೊತ್ತುಮಾಡಿದ್ದು. ಆ ದಿನ ನಾವು ಏಲಂ ಹಾಕುತ್ತೇವೆ, ಒಂದು ಕುಂಬಳಕಾಯಿಗೆ ಸಾವಿರ ಕೂಗಿ ಮೀಸೆ ತಿರುವುತ್ತೇವೆ. ಆ ದುಡ್ಡು ಹೋಗುವಲ್ಲಿಗೆ ಹೋಗಲಿ. ಅದರ ಹೊರಗೆ ನಾವೇ ಸೇರಿ, ನಾಲ್ಕು ಇಗರ್ಜಿಯವರು ಕೈ ಹಾಕಿದರೂ ಸಾಕು, ವರ್ಷಕ್ಕೆ ಒಬ್ಬ ಅಮ್ಮನನ್ನೋ ಅಪ್ಪನನ್ನೋ ಮಗಳಿರುವಲ್ಲಿಗೆ ಕಳಿಸಲು ಆಗುವುದಿಲ್ಲವಾ? ಮಗ ಗಲ್ಫಿನಲ್ಲಿಲ್ಲದವರನ್ನು ಮೊದಲು ಕಳಿಸಿ. ಜ್ಯುಬಿಲಿ, ಹಾರ, ಭಾಷಣ ಇರುವಾಗ ಬೇಡ. ಶಾಲೆ ನಡೆಯುತ್ತಿರುವಾಗ, ಅವಳಿಗೆ ಸಿಟ್ಟೂ ಸುಸ್ತೂ ಬರುವ ದಿನಗಳಲ್ಲಿ.

ಹೊರಡುವ ಹಿಂದಿನ ದಿನ ಬಫಾತ್ ಮಾಡಿದೆ. ಅಲ್ಲಿಯವರಿಗೂ ಹಂದಿ ಮಾಂಸ ಅಂದರೆ ಪ್ರಾಣ. ಖಾರಕ್ಕೆ ಕಣ್ಣೀರು ಹಾಕುತ್ತಾ ಅಡಿಗೆಯಾಕೆ "ವೆಬಾಲೆ, ಜಾಜಾ" ಅಂದಳು. ವೆಬಾಲೆ ಅಂದರೆ ಥ್ಯಾಂಕ್ಸ್. ಜಾರ್ಖಂಡಿನ ಸಿಸ್ಟರ್ ತನ್ನ ಮನೆಗೆ ಕೊಡಲು ಒಂದು ಸಣ್ಣ ಗಂಟು ತಂದಿಟ್ಟಳು. ಅದನ್ನು ಮಂಗಳೂರಿನಿಂದ ಪಾರ್ಸೆಲ್ ಮಾಡಿದ್ದೇನೆ, ಮುಟ್ಟಿದೆಯಂತೆ.

ನಾಳೆ ಶನಿವಾರ. ಫೋನ್ ಬರುತ್ತದೆ, ಅವಳು ಆರಾಮ ಮಮ್ಮಿ ಅನ್ನುತ್ತಾಳೆ. ತಲೆಯ ಕಡೆಯ ಆ ಎರಡು ತೂತು ಹೊಲಿದಳಾ ಇಲ್ಲವಾ ಅಂತ ಮೊದಲು ಕೇಳಬೇಕು.