ಹುಚ್ಚು ದೀಪಗಳ ಒಳಲೆಕ್ಕ

ಬಾಟಲಿ, ಜರಡಿ, ಹಳೆ ಹಂಡೆ, ಕೈಗೆ ಸಿಕ್ಕಿದ್ದಕ್ಕೆಲ್ಲ ತೂತು ಕೊರೆದು ಬಲ್ಬ್ ಇಳಿಬಿಟ್ಟರೆ ಹೊಸ ಬಗೆಯ ದೀಪ ಆಗಿಬಿಡುತ್ತೆ ಅನ್ನೋ ಭ್ರಮೆ ಇದೆ. ನನಗದು ಒಪ್ಪಿಗೆಯಿಲ್ಲ. ಮುರಿಯಬೇಕಾದ್ದು ರೂಢಿಯನ್ನು, ಭಾರ, ಶಾಖ, ಕರೆಂಟಿನ ಲೆಕ್ಕವನ್ನಲ್ಲ.

ಇಟಲಿಯ ವಿನ್ಯಾಸಕರಾದ ಕಾಸ್ಟಿಲ್ಯೋನಿ ಸಹೋದರರ ಆರ್ಕೋ ದೀಪವನ್ನೇ (1962) ನೋಡಿ. ಊಟದ ಮೇಜಿನ ಮೇಲೆ ಬೆಳಕು ಬೀಳಬೇಕಾದರೆ ಚಾವಣಿಗೆ ತೂತು ಕೊರೆಯಲೇಬೇಕೇ ಅಂತ ಕೇಳಿಕೊಂಡವರು, ನೆಲದಿಂದಲೇ ಉಕ್ಕಿನ ಕಮಾನು ಬಗ್ಗಿಸಿ ತಂದರು. ಅದು ಮಗುಚದಿರಲು ಬುಡಕ್ಕೆ ಸುಮಾರು 65 ಕಿಲೋ ಅಮೃತಶಿಲೆ. ಕಲ್ಲಿನಲ್ಲಿರುವ ತೂತು ಚಂದಕ್ಕಲ್ಲ, ಪೊರಕೆಕೋಲು ತೂರಿಸಿ ಇಬ್ಬರು ಎತ್ತಿ ಜರುಗಿಸಲಿಕ್ಕೆ! ಅದೇ ವರ್ಷದ ಅವರ ಟೋಯೋ ದೀಪದಲ್ಲಿ ಕಾರಿನ ಹೆಡ್‌ಲೈಟೇ ಬಲ್ಬ್, ವೈರ್ ಹಾಯುವುದು ಮೀನಿನ ಗಾಳದ ಕೋಲಿನ ಉಂಗುರಗಳಲ್ಲಿ, ಟ್ರಾನ್ಸ್‌ಫಾರ್ಮರೇ ಬುಡದ ಭಾರ. ಜರ್ಮನಿಯ ವಿನ್ಯಾಸಕ ರಿಚರ್ಡ್ ಸ್ಯಾಪರ್ 1972ರ ಟಿಜಿಯೋ ಮೇಜುದೀಪದಲ್ಲಿ ತೋಳುಗಳಿಗೆ ವೈರನ್ನೇ ಎಳೆಯಲಿಲ್ಲ. 12 ವೋಲ್ಟ್ ಕರೆಂಟನ್ನು ಲೋಹದ ತೋಳುಗಳಲ್ಲೇ ಹರಿಸಿದ. 230 ವೋಲ್ಟಿನಲ್ಲಿ ಅದನ್ನೇ ಮಾಡಿದ್ದರೆ ಮುಟ್ಟಿದವರ ಗತಿ ಮುಗೀತು.

ಈಗ ಜರಡಿಯ ತೂಗುದೀಪಕ್ಕೆ ಬರೋಣ. ಮುಚ್ಚಳ ಹಾಕಿದ ಗಾಜಿನ ಜಾಡಿಗಿಂತ ಸ್ಟೀಲ್ ಜರಡಿ ಎಷ್ಟೋ ವಾಸಿ. ತೂಗುದೀಪದಲ್ಲಿ ಎಲ್‌ಇಡಿ ಬಲ್ಬಿನ ಬುಡ ಮೇಲಿರುತ್ತೆ, ಅದರ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿಕೊಡೋ ಸರ್ಕ್ಯೂಟ್, ಇರೋದೂ ಅಲ್ಲೇ. ಬಿಸಿಗಾಳಿ ಮೇಲೇರಿ ಅಲ್ಲೇ ಸಿಕ್ಕಿಕೊಂಡರೆ ಡ್ರೈವರಿನ ಕೆಪಾಸಿಟರ್ ಒಣಗುತ್ತೆ. 10 ಡಿಗ್ರಿ ಶಾಖ ಹೆಚ್ಚಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತೆ ಅನ್ನೋದು ಸಾಮಾನ್ಯ ಲೆಕ್ಕ. ಜರಡಿಯ ತೂತುಗಳಲ್ಲಿ ಆ ಗಾಳಿ ಹೊರಟುಹೋಗುತ್ತೆ.

ಗೋಡೆ ಮೇಲೆ ಚುಕ್ಕಿಗಳ ಚಿತ್ತಾರ ಬೇಕಾದರೆ ಪಾರದರ್ಶಕ ಗಾಜಿನ, ಬೆಳಗುವ ಭಾಗ ಚಿಕ್ಕದಾಗಿರುವ ಬಲ್ಬ್ ಹಾಕಿ. ಹಾಲುಬಣ್ಣದ ದೊಡ್ಡ ಬಲ್ಬ್ ಹಾಕಿದರೆ ಚುಕ್ಕಿಗಳೆಲ್ಲ ಕಲಸಿಹೋಗುತ್ತವೆ. 2700 ಕೆಲ್ವಿನ್ ಬಣ್ಣದ (ಹಳದಿ ಛಾಯೆಯ) ಬೆಳಕಿರಲಿ, 5–6 ವ್ಯಾಟ್ ಧಾರಾಳ. ಜರಡಿಯ ಅಂಚು ಮೇಜಿನಿಂದ 70–75 ಸೆಂ.ಮೀ. ಮೇಲಿರಲಿ. ಕೂತವರ ಕಣ್ಣಿಗೆ ಬಲ್ಬ್ ನೇರ ಕಂಡರೆ ಹೋಲ್ಡರನ್ನು ಇನ್ನಷ್ಟು ಒಳಕ್ಕೆ ಸೇರಿಸಿ.

ಹೋಲ್ಡರ್ ಕೂರಿಸುವ, ತಿರುಪು ಕೊರೆದ 10 ಮಿ.ಮೀ. ಪೈಪಿಗೆ ಜರಡಿಯ ನಡುವೆ 10.5 ಮಿ.ಮೀ. ತೂತು ಸಾಕು. ಅಂಚನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಅದು ವೈರಿನ ಸಿಪ್ಪೆಯನ್ನು ನಿಧಾನವಾಗಿ ಕೊಯ್ಯುತ್ತೆ. ಭಾರವೆಲ್ಲ ಕಾರ್ಡ್ ಗ್ರಿಪ್ (ವೈರನ್ನು ಬಿಗಿಹಿಡಿಯುವ ಕ್ಲಿಪ್) ಮೇಲಿರಬೇಕು, ಹೋಲ್ಡರಿನ ಸ್ಕ್ರೂಗಳ ಮೇಲಲ್ಲ. ಮೂರು ಎಳೆಯ ವೈರೇ ಬೇಕು, ಮೂರನೆಯದು ಜರಡಿಗೆ ಜೋಡಿಸುವ ಅರ್ತ್. ಜರಡಿಗೆ ಬಣ್ಣ ಬಳಿದಿದ್ದರೆ ಅರ್ತ್ ಕೂರುವ ಜಾಗದಲ್ಲಿ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಆಮೇಲೆ, ಕರೆಂಟಿಗೆ ಜೋಡಿಸುವ ಮುಂಚೆ, ಅರ್ತ್ ವೈರಿನ ತುದಿಗೂ ಜರಡಿಗೂ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ: ಹೆಚ್ಚುಕಮ್ಮಿ ಸೊನ್ನೆ ಓಮ್ ತೋರಿಸದಿದ್ದರೆ ಬಿಚ್ಚಿ ಮತ್ತೆ ಕೆರೆಯಿರಿ.