ಪರ್ಸೆಂಟೇಜ್ ಬರೆಯುವ ಡಾಕ್ಟರುಗಳ ಸಂಘಕ್ಕೆ ಯಾರನ್ನು ಸೇರಿಸಬೇಕು?

ಬಳ್ಳಾರಿಯಲ್ಲಿ ಒಂದಿಷ್ಟು ಡಾಕ್ಟರುಗಳು ಸೇರಿ ಸಂಘ ಕಟ್ಟುವ ಮಾತಾಡುತ್ತಿದ್ದಾರೆ. ಆಕ್ಸಿಡೆಂಟ್ ಕೇಸು, ಕಾರ್ಖಾನೆಯಲ್ಲಿ ಆದ ಪೆಟ್ಟು, ಇನ್ಶೂರೆನ್ಸ್ ತಕರಾರು ಇಂಥವುಗಳಲ್ಲಿ ಗಾಯಾಳುವನ್ನು ಪರೀಕ್ಷೆ ಮಾಡಿ 'ಇಷ್ಟು ಪರ್ಸೆಂಟ್ ಡಿಸೆಬಿಲಿಟಿ' ಅಂತ ಬರೆದುಕೊಡುವ ಡಾಕ್ಟರುಗಳ ಸಂಘ. ನಾನು ಡಾಕ್ಟರ್ ಅಲ್ಲ. ಮೆಲ್ಬರ್ನ್‌ನಲ್ಲಿ ಇಂಥವೇ ವರದಿಗಳನ್ನು ಓದಿ, ಲೆಕ್ಕ ಸರಿ ಇದೆಯಾ ನೋಡಿ, ಕ್ಲೇಮಿನ ಫೈಲಿಗೆ ಹಾಕುವುದು ನನ್ನ ಕೆಲಸ. ಅದು ಗೊತ್ತಿದ್ದ ಮೂಳೆ ಡಾಕ್ಟರೊಬ್ಬರು ನಮ್ಮ ದೊಡ್ಡಪ್ಪನ ಮಗನ ಹತ್ತಿರ ಹೇಳಿ ಕಳಿಸಿದರು. ಅಣ್ಣ ಅಲ್ಲೇ ಬಳ್ಳಾರಿ ಕೋರ್ಟಿನಲ್ಲಿ ವಕೀಲ. "ಅಲ್ಲಿಯ ಸಂಘದ ಮೆಂಬರ್‌ಶಿಪ್ ರೂಲ್ಸ್ ಒಂದು ಕಾಪಿ ಕಳಿಸಂತ ಹೇಳು. ಹೆಸರು, ಊರು ಬದಲಾಯಿಸಿಕೊಂಡರೆ ಆತು."

ಕಾಪಿ ಕಳಿಸಿದ್ದೇನೆ. ಆದರೆ ಹೆಸರು, ಊರು ಬದಲಾಯಿಸಿದರೆ ಆಗೋದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಯ ಇಂಥ ಸಂಘಗಳ ನಿಯಮಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಪೂರ್ಣ ಸದಸ್ಯ ಆಗಬೇಕಾದರೆ ನೋಂದಾಯಿತ ಡಾಕ್ಟರ್ ಆಗಿರಬೇಕು, ಸ್ಪೆಷಲಿಸ್ಟ್ ಡಿಗ್ರಿ ಇರಬೇಕು, ಶಿಸ್ತುಕ್ರಮದ ಕೇಸು ಬಾಕಿ ಇರಬಾರದು. ಸೈಕಾಲಜಿಸ್ಟು, ಫಿಸಿಯೋಥೆರಪಿಸ್ಟುಗಳಿಗೆ ಬೇರೆ ದರ್ಜೆ. ವಕೀಲರು, ಇನ್ಶೂರೆನ್ಸ್‌ನವರು ಬಂದರೆ ಹಿಂದಿನ ಸಾಲಿನಲ್ಲಿ ಕೂರಬಹುದು, ವೋಟು ಹಾಕುವಂತಿಲ್ಲ. ಚಂದಾ ಕಟ್ಟಬೇಕು, ವರ್ಷಕ್ಕಿಷ್ಟು ತಾಸು ತರಬೇತಿ ತಗೋಬೇಕು. ಇದೆಲ್ಲ ಬಳ್ಳಾರಿಗೂ ಹೊಂದುತ್ತದೆ, ಅದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ಕಷ್ಟ ಇರುವುದು ಒಂದೇ ನಿಯಮದಲ್ಲಿ. ಇಲ್ಲಿ ಚಿಕಿತ್ಸೆ ಕೊಟ್ಟ ಡಾಕ್ಟರು ಅದೇ ರೋಗಿಯ ಇಂಡಿಪೆಂಡೆಂಟ್ ಪರೀಕ್ಷೆ ಮಾಡುವಂತಿಲ್ಲ. ಕಾಲು ಜೋಡಿಸಿದವನಿಗೆ ರೋಗಿಯ ಮೇಲೆ ಅಂತಃಕರಣ ಇರುತ್ತದೆ, ತನ್ನ ಆಪರೇಷನ್ ಮೇಲೆ ಅಭಿಮಾನವೂ ಇರುತ್ತದೆ. ಹಾಗಾಗಿ ಮುಖವನ್ನೇ ನೋಡದ ಇನ್ನೊಬ್ಬ ಡಾಕ್ಟರು ಬಂದು ಅಳೆಯಲಿ ಅನ್ನುವುದು ಇಲ್ಲಿಯ ಲೆಕ್ಕಾಚಾರ.

ಬಳ್ಳಾರಿಯಲ್ಲಿ ಇದು ಪೂರ್ತಿ ಉಲ್ಟಾ. ಎಂವಿಸಿ ಕೇಸು, ಅಂದರೆ ರಸ್ತೆ ಅಪಘಾತದ ಪರಿಹಾರದ ಕೇಸು, ನಡೆಯುವ ಕೋರ್ಟ್ ಹಾಲಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಅರ್ಜಿದಾರ ಪಿಡಬ್ಲ್ಯೂ-1, ಅಂದರೆ ತನ್ನ ಕಡೆಯ ಮೊದಲ ಸಾಕ್ಷಿ. ಪಿಡಬ್ಲ್ಯೂ-2 ಅಂದರೆ ಡಾಕ್ಟರು. ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ಮೂಳೆ ಎಲ್ಲಿ ಕೂಡಿದೆ, ಎಲ್ಲಿ ವಾರೆಯಾಗಿದೆ ಅಂತ ಹೇಳುತ್ತಾರೆ. ಆಮೇಲೆ ಇನ್ಶೂರೆನ್ಸ್ ಕಂಪನಿಯ ವಕೀಲರ ಪಾಟೀ ಸವಾಲು. ಮೊದಲ ಪ್ರಶ್ನೆಯೇ, "ಅರ್ಜಿದಾರರಿಗೆ ನೀವು ಚಿಕಿತ್ಸೆ ಕೊಟ್ಟಿಲ್ಲ ಅಲ್ವಾ ಡಾಕ್ಟ್ರೇ?" ಡಾಕ್ಟರು ಇಲ್ಲ ಅನ್ನುತ್ತಾರೆ. ಕೊನೆಗೆ ಹೇಳಿಕೆಯಲ್ಲಿ ಒಂದು ಸಾಲು ಟೈಪ್ ಆಗುತ್ತದೆ: 'ಅರ್ಜಿದಾರರಿಗೆ ಅನುಕೂಲ ಮಾಡಿಕೊಡಲು ಹೆಚ್ಚಿನ ಪ್ರಮಾಣದ ಅಂಗವೈಕಲ್ಯ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.' ಆ ಸಾಲಿಲ್ಲದ ಡಾಕ್ಟರ ಹೇಳಿಕೆಯನ್ನು ತಾನು ನೋಡಿದ ನೆನಪೇ ಇಲ್ಲ ಅಂತಾನೆ ಅಣ್ಣ.

ಆ ಪ್ರಶ್ನೆ ಸುಮ್ನೆ ಕೇಳುವುದಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇದನ್ನು. ಗಾಯಾಳುವಿಗೆ ಚಿಕಿತ್ಸೆಯನ್ನೇ ಕೊಡದೆ, ಸರಿಯಾಗಿ ಪರೀಕ್ಷೆಯನ್ನೂ ಮಾಡದೆ, ರೆಡಿಮೇಡ್ ಸರ್ಟಿಫಿಕೇಟ್ ಕೊಡುವ ಡಾಕ್ಟರುಗಳ ಸಾಕ್ಷ್ಯ ಒಪ್ಪುವಾಗ ಹುಷಾರಾಗಿರಿ ಅಂತ ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯುನಲ್‌ಗಳಿಗೆ ಹೇಳಿತು. ಬೇಕಿದ್ದರೆ ಮೆಡಿಕಲ್ ಬೋರ್ಡಿಗೆ, ಅಂದರೆ ಡಾಕ್ಟರುಗಳ ತಂಡಕ್ಕೆ, ಕಳಿಸಿ ಅಂತಲೂ ಹೇಳಿತು. ಅಂದರೆ ಇಲ್ಲಿ ಚಿಕಿತ್ಸೆ ಕೊಟ್ಟವರ ಮೇಲೆ ಅನುಮಾನ, ಅಲ್ಲಿ ಕೊಡದವರ ಮೇಲೆ. ಮೆಲ್ಬರ್ನ್‌ನ ನಿಯಮವನ್ನು ಹಾಗೇ ಎತ್ತಿ ಬಳ್ಳಾರಿಯ ಬೈಲಾದಲ್ಲಿ ಇಟ್ಟರೆ, ಕೋರ್ಟು ಯಾರನ್ನು ಹೆಚ್ಚು ನಂಬುತ್ತದೋ ಅವರನ್ನೇ ಸಂಘ ಹೊರಗಿಟ್ಟ ಹಾಗೆ ಆಗುತ್ತದೆ.

ಹಾಗಂತ ಇಲ್ಲಿಯ ಪದ್ಧತಿ ಚೊಕ್ಕ ಅಂದುಕೊಳ್ಳಬೇಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕೆಲಸದ ಜಾಗದ ಗಾಯದ ಪರಿಹಾರ ನೋಡಿಕೊಳ್ಳುವುದು ವರ್ಕ್‌ಸೇಫ್ ಅನ್ನುವ ಸರ್ಕಾರಿ ಸಂಸ್ಥೆ. ಕ್ಲೇಮುಗಳನ್ನು ಅದರ ಪರವಾಗಿ ನಡೆಸುವುದು ಖಾಸಗಿ ಏಜೆಂಟ್ ಕಂಪನಿಗಳು. 2016ರಲ್ಲಿ ಸರ್ಕಾರಿ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ರಾಜ್ಯದ ಒಂಬುಡ್ಸ್‌ಮನ್ ತನಿಖೆ ಮಾಡಿದಾಗ ಹೊರಬಿದ್ದ ಸಂಗತಿ ಇದು: ಏಜೆಂಟರು ತಮಗೆ ಬೇಕಾದ ಅಭಿಪ್ರಾಯ ಸಿಗುವ ಹಾಗೆ ಪರೀಕ್ಷಕ ಡಾಕ್ಟರನ್ನು ಆರಿಸುತ್ತಿದ್ದರು, ವರದಿಯಲ್ಲಿ ತಮಗೆ ಅನುಕೂಲವಾದದ್ದನ್ನು ಮಾತ್ರ ಹೆಕ್ಕಿಕೊಳ್ಳುತ್ತಿದ್ದರು. 2019ರಲ್ಲಿ ಮತ್ತೆ ನೋಡಿದಾಗಲೂ ಆ ಚಾಳಿ ಪೂರ್ತಿ ಹೋಗಿರಲಿಲ್ಲ. ಆ ಡಾಕ್ಟರುಗಳ ಡಿಗ್ರಿಗೇನೂ ಕೊರತೆ ಇರಲಿಲ್ಲ. ಅವರು ರೋಗಿಗೆ ಚಿಕಿತ್ಸೆಯನ್ನೂ ಕೊಟ್ಟಿರಲಿಲ್ಲ. ನಿಯಮದ ಪ್ರಕಾರ ಎಲ್ಲ ಸರಿ. ಆದರೆ ಪದೇ ಪದೇ ಕೆಲಸ ಕೊಡುವವರು ಒಬ್ಬರೇ ಆದಾಗ ಡಾಕ್ಟರ ಮನಸ್ಸು ಎತ್ತ ವಾಲುತ್ತದೆ ಅನ್ನುವುದನ್ನು ಯಾವ ಮೆಂಬರ್‌ಶಿಪ್ ಫಾರಂ ಕೂಡ ಕೇಳುವುದಿಲ್ಲ.

ಬಳ್ಳಾರಿಯವರು ಕೇಳಬೇಕಾದದ್ದು ಅದನ್ನೇ. ನನ್ನ ಪ್ರಕಾರ ಒಳಗೆ ಯಾರು ಬರಬೇಕು ಅನ್ನುವುದಕ್ಕಿಂತ, ಒಳಗೆ ಬಂದವರು ಪ್ರತಿ ವರದಿಯ ಮೇಲೆ ಏನು ಬರೆಯಬೇಕು ಅನ್ನುವ ನಿಯಮ ಮುಖ್ಯ. ಈ ಗಾಯಾಳುವಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ ಅಥವಾ ಕೊಟ್ಟಿಲ್ಲ. ಇವರನ್ನು ನನ್ನ ಹತ್ತಿರ ಕಳಿಸಿದವರು ಇಂಥವರು. ಫೀಸು ಕೊಟ್ಟವರು ಇವರು, ಇಷ್ಟು. ಕಳೆದ ವರ್ಷ ಇದೇ ವಕೀಲರ ಅಥವಾ ಇದೇ ಕಂಪನಿಯ ಇಷ್ಟು ಕೇಸು ನೋಡಿದ್ದೇನೆ. ಇಷ್ಟನ್ನು ಸದಸ್ಯರಾದವರೆಲ್ಲ ತಪ್ಪದೆ ಬರೆದರೆ ಸಾಕು, ಚಿಕಿತ್ಸೆ ಕೊಟ್ಟವರೂ ಇರಲಿ, ಕೊಡದವರೂ ಇರಲಿ. ಯಾರ ಮಾತಿಗೆ ಎಷ್ಟು ತೂಕ ಅಂತ ಜಡ್ಜ್ ನೋಡಿಕೊಳ್ಳುತ್ತಾರೆ. ಈಗ ಈ ಯಾವ ಮಾಹಿತಿಯೂ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ. ಪಾಟೀ ಸವಾಲಿನಲ್ಲಿ ಹಲ್ಲು ಕಿತ್ತ ಹಾಗೆ ಒಂದೊಂದೇ ಹೊರಗೆ ತೆಗೆಯಬೇಕು.

ಅಳತೆಯ ವಿಷಯದಲ್ಲಿ ಮಾತ್ರ ಇಲ್ಲಿಯದನ್ನು ಕಣ್ಣುಮುಚ್ಚಿ ತಗೋಬಹುದು. ವಿಕ್ಟೋರಿಯಾದಲ್ಲಿ ಕೈಕಾಲಿನ ಗಾಯಕ್ಕೆ ಪರ್ಸೆಂಟೇಜ್ ಹಾಕುವ ಡಾಕ್ಟರು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಗೈಡಿನ 4ನೇ ಆವೃತ್ತಿಯ ಪ್ರಕಾರವೇ ಹಾಕಬೇಕು, ಅದಕ್ಕೆ ಸರ್ಕಾರ ಒಪ್ಪಿದ ತರಬೇತಿ ಮುಗಿಸಿರಬೇಕು. ತೊಡೆ ಬಡವಾಗಿದೆ ಅಂತ ಬರೆದರೆ ಸಾಲದು. ಮೊಣಕಾಲ ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಗುರುತು ಹಾಕಿ, ಟೇಪಿನಿಂದ ಎರಡೂ ತೊಡೆಯ ಸುತ್ತಳತೆ ತೆಗೆದು, ಎರಡನ್ನೂ ಬರೆಯಬೇಕು. ಮಂಡಿ ಎಷ್ಟು ಮಡಚುತ್ತದೆ ಅಂತ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಡಿಗ್ರಿಯಲ್ಲಿ ಹೇಳಬೇಕು. ವರದಿ ಓದುವ ನನ್ನಂಥವನಿಗೂ ಕೂಡಿ ಕಳೆದು ತಾಳೆ ನೋಡಲು ಬರುತ್ತದೆ. ರಸ್ತೆ ಅಪಘಾತದಲ್ಲಿ ಇಲ್ಲಿ ಶೇ 10ಕ್ಕಿಂತ ಜಾಸ್ತಿ ಬಂದರೆ ಮಾತ್ರ ಶಾಶ್ವತ ಊನಕ್ಕೆ ಇಡಿಗಂಟಿನ ಹಣ. 10 ಬಂದರೆ ಇಲ್ಲ, 11 ಬಂದರೆ ಉಂಟು. ಹಾಗಾಗಿ ಒಂದೊಂದು ಸೆಂಟಿಮೀಟರಿಗೂ ಜಗಳ. ನಮ್ಮಲ್ಲಿ 'ಬಲಗಾಲಿಗೆ 30 ಪರ್ಸೆಂಟ್' ಅಂತ ಡಾಕ್ಟರು ಹೇಳುತ್ತಾರೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುವ ರೂಢಿ ಕೋರ್ಟಿನಲ್ಲಿದೆ. ಆದರೆ ಆ 30 ಎಲ್ಲಿಂದ ಬಂತು? ಎಷ್ಟೋ ಸರ್ಟಿಫಿಕೇಟಿನಲ್ಲಿ ಅದಕ್ಕೆ ಉತ್ತರವೇ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ವಿಷಯ ಬೇರೆ. ಅಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸೌಲಭ್ಯಕ್ಕೆ 40 ಪರ್ಸೆಂಟಿನ ಗೆರೆ ಇದೆ, ಅಳೆಯುವ ಮಾರ್ಗಸೂಚಿಯೂ ಇದೆ. ಖಾಸಗಿ ಸಂಘಕ್ಕೆ ಅಲ್ಲೇನೂ ಕೆಲಸವಿಲ್ಲ.

ಪರ್ಸೆಂಟ್ ಬಂದ ಮೇಲೆ ಇನ್ನೊಂದು ತೊಡಕು. ಅದೇ 2010ರ ತೀರ್ಪಿನಲ್ಲಿ ಕೋರ್ಟು ಒಂದು ಉದಾಹರಣೆ ಕೊಟ್ಟಿದೆ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ನೂರಕ್ಕೆ ನೂರು ಹೋದ ಹಾಗೆ. ಸರ್ಕಾರಿ ಗುಮಾಸ್ತನಾದರೆ ನೌಕರಿ ಉಳಿಯಬಹುದು. ಬಳ್ಳಾರಿ ಸೀಮೆಯಲ್ಲಿ ಇದು ದಿನನಿತ್ಯದ ಮಾತು. ಜೀನ್ಸ್ ಹೊಲಿಯುವವನ ತೋರುಬೆರಳು ಮಡಚದೆ ನೆಟ್ಟಗೆ ನಿಂತರೆ ಗೈಡಿನಲ್ಲಿ ಅದಕ್ಕೆ ಸಿಗುವುದು ಪುಡಿ ಪರ್ಸೆಂಟ್. ಆದರೆ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವುದು ಆ ಬೆರಳೇ ಅಲ್ವಾ? ಗಂಗಾವತಿಯ ಮಿಲ್ಲಿನಲ್ಲಿ 75 ಕೆಜಿ ಭತ್ತದ ಚೀಲ ಹೊರುವ ಹಮಾಲಿಗೆ ಸೊಂಟ, ಸಂಡೂರಿನ ಟಿಪ್ಪರ್ ಡ್ರೈವರಿಗೆ ಎಡಗಾಲು. ಅವರು ಏನು ಕೆಲಸ ಮಾಡುತ್ತಿದ್ದರು, ಆ ಕೆಲಸದಲ್ಲಿ ಯಾವ ಅಂಗಕ್ಕೆ ಏನು ಪಾತ್ರ ಅನ್ನುವುದನ್ನು ಡಾಕ್ಟರು ಕೇಳಿ ಬರೆದುಕೊಳ್ಳಬೇಕು. ದುಡಿಮೆ ಎಷ್ಟು ಹೋಯಿತು ಅನ್ನುವುದನ್ನು ತೀರ್ಮಾನಿಸುವುದು ಟ್ರಿಬ್ಯುನಲ್ ಕೆಲಸ, ನಿಜ. ಆದರೆ ವಿವರ ಕೊಡಬೇಕಾದವರು ಡಾಕ್ಟರೇ.

ಡಾಕ್ಟರು ಕ್ಲಿಷ್ಟ ಶಬ್ದ ಬಳಸಿದರೆ ಅದನ್ನೇ ಸರಳವಾಗಿಯೂ ಹೇಳಿಸಿ ಅಂತ ಆ ತೀರ್ಪು ಟ್ರಿಬ್ಯುನಲ್‌ಗಳಿಗೆ ಹೇಳಿದೆ. ಇದನ್ನು ಸಂಘ ಒಂದು ಹೆಜ್ಜೆ ಮುಂದೆ ಒಯ್ಯಲಿ. ಸದಸ್ಯರಾದವರ ಪ್ರತಿ ವರದಿಯ ಕೊನೆಗೆ ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದವನಿಗೆ ತನ್ನ ಕಾಲಿನ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿಸಿಕೊಳ್ಳಲು ವಕೀಲರ ಆಫೀಸಿಗೇ ಹೋಗಬೇಕು ಅನ್ನುವುದು ಯಾವ ನ್ಯಾಯ?

ಡಾಕ್ಟರುಗಳನ್ನು ನೋಂದಾಯಿಸುವ ಆಸ್ಟ್ರೇಲಿಯಾದ ಮೆಡಿಕಲ್ ಬೋರ್ಡಿನ ನಡವಳಿಕೆ ಸಂಹಿತೆಯಲ್ಲಿ ಎರಡು ಮಾತಿವೆ, ಅವನ್ನು ಹಾಗೇ ಎತ್ತಿಕೊಳ್ಳಿ. ಒಂದು, ಪರೀಕ್ಷೆ ಶುರು ಮಾಡುವ ಮೊದಲೇ 'ನಾನು ನಿಮಗೆ ಔಷಧಿ ಕೊಡುವ ಡಾಕ್ಟರಲ್ಲ, ವರದಿ ಬರೆಯಲು ಬಂದವನು' ಅಂತ ತಿಳಿಸಿ ಹೇಳಬೇಕು. ಇನ್ನೊಂದು, ಪರೀಕ್ಷೆ ಮಾಡುವಾಗ ಯಾರಿಗೂ ಗೊತ್ತಿಲ್ಲದ ಗಂಭೀರ ಕಾಯಿಲೆ ಕಣ್ಣಿಗೆ ಬಿದ್ದರೆ, ಅದನ್ನು ಆ ವ್ಯಕ್ತಿಗೋ ಅವರ ಡಾಕ್ಟರಿಗೋ ಹೇಳಲೇಬೇಕು. ನಮ್ಮ ಕಡೆ ಎರಡನೆಯದು ಇನ್ನೂ ಜಾಸ್ತಿ ಬೇಕು. ಮುರಿದ ಕಾಲು ತೋರಿಸಲು ಬಂದ ಗಣಿ ಕೂಲಿಯ ಎದೆಯನ್ನು ಅದಕ್ಕೆ ಮುಂಚೆ ಯಾವ ಡಾಕ್ಟರೂ ನೋಡಿರಲಿಕ್ಕಿಲ್ಲ.

ಇನ್ನು ವಕೀಲರ ಮೆಂಬರ್‌ಶಿಪ್. ಇಲ್ಲಿ ಅವರಿಗೆ ವೋಟಿಲ್ಲದ ಜಾಗ ಇದೆ ಅಂದೆನಲ್ಲ, ಬಳ್ಳಾರಿಯಲ್ಲಿ ಅದೂ ಬೇಡ ಅನ್ನುವವನು ನಾನು. ಮೆಲ್ಬರ್ನ್ ದೊಡ್ಡ ಊರು, ವಕೀಲರು ಯಾರೋ, ಡಾಕ್ಟರು ಯಾರೋ. ಬಳ್ಳಾರಿಯಲ್ಲಿ ಕೋರ್ಟು, ನರ್ಸಿಂಗ್ ಹೋಮು, ಮದುವೆ ಮನೆ ಎಲ್ಲೆಲ್ಲೂ ಅದೇ ಮುಖಗಳು. ಸಂಘದ ವಾರ್ಷಿಕ ಸಭೆಯ ಊಟಕ್ಕೆ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತರೆ ಅರ್ಜಿದಾರ ಏನಂದುಕೊಳ್ಳಬೇಕು? ಅಣ್ಣನಿಗೆ ಈ ಮಾತು ಸೇರಲಿಲ್ಲ. "ನಾವಿಲ್ದ ನಿಮ್ ಡಾಕ್ಟ್ರಿಗೆ ಕೇಸರ ಎಲ್ಲಿಂದ ಬರ್ತಾವಪಾ?" ಅಂದ. ನಾನು ಹೇಳುತ್ತಿರುವುದೂ ಅದನ್ನೇ.

ಕೊನೆಯದು ಹೊರಹಾಕುವ ಕಲಮು. ಇಲ್ಲಾಗಲಿ ಅಲ್ಲಾಗಲಿ, ಸಂಘದಿಂದ ತೆಗೆದರೆ ಡಾಕ್ಟರ ಲೈಸೆನ್ಸೇನೂ ಹೋಗುವುದಿಲ್ಲ. ಅದು ಅಲ್ಲಿ ಮೆಡಿಕಲ್ ಕೌನ್ಸಿಲ್, ಇಲ್ಲಿ ಮೆಡಿಕಲ್ ಬೋರ್ಡಿನ ಕೈಯಲ್ಲಿರುವುದು. ತೆಗೆದುಹಾಕಿಸಿಕೊಂಡವರು ಮರುದಿನವೇ ಸಾಕ್ಷಿ ಕಟ್ಟೆ ಹತ್ತಬಹುದು. ಹಾಗಾಗಿ ಗುಟ್ಟಾಗಿ ತೆಗೆದರೆ ಏನೂ ಪ್ರಯೋಜನವಿಲ್ಲ. ಸದಸ್ಯರ ಪಟ್ಟಿ ಎಲ್ಲರಿಗೂ ಸಿಗುವ ಹಾಗಿರಬೇಕು. ಯಾರ ಹೆಸರು ಯಾವಾಗ, ಯಾಕೆ ಹೋಯಿತು ಅನ್ನುವುದೂ ಅದರಲ್ಲಿ ಕಾಣಬೇಕು. ತೆಗೆಯುವ ಮೊದಲು ಆ ಡಾಕ್ಟರ ಮಾತು ಕೇಳುವ ಸಮಿತಿಯಲ್ಲಿ ಹೊರಗಿನ ಒಬ್ಬರಾದರೂ ಇರಬೇಕು. ನಿವೃತ್ತ ಜಡ್ಜ್ ಆದರೆ ಒಳ್ಳೆಯದು, ಬಳ್ಳಾರಿಯಲ್ಲಿ ಪ್ರಾಕ್ಟೀಸ್ ಮಾಡದ ಡಾಕ್ಟರಾದರೂ ನಡೆಯುತ್ತದೆ.

ಕರ್ನಾಟಕದ 1960ರ ಸೊಸೈಟಿ ಕಾಯ್ದೆಯಲ್ಲಿ ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಆ 7 ಸಹಿಗಳನ್ನು ಹಾಕುವವರು ಯಾರು ಅಂತ ಡಾಕ್ಟರನ್ನು ಕೇಳಿದ್ದೇನೆ. ಏಳೂ ಜನ ಮೂಳೆ ಡಾಕ್ಟರೇ ಆದರೆ ತಲೆಗೆ ಪೆಟ್ಟಾದವರನ್ನು, ಕಣ್ಣು ಹೋದವರನ್ನು, ಕಿವಿ ಹೋದವರನ್ನು ಅಳೆಯುವ ನಿಯಮ ಬರೆಯುವವರು ಯಾರು? ಅದಕ್ಕಿನ್ನೂ ಉತ್ತರ ಬಂದಿಲ್ಲ. ಬೈಲಾದ ಕರಡು ಕಳಿಸುತ್ತೇನೆ ಅಂತ ಮಾತ್ರ ಹೇಳಿದ್ದಾರೆ.