ಉತ್ತರಹಳ್ಳಿ ಕ್ಷೇತ್ರ: ಒಂದು ಸ್ಪಷ್ಟನೆ

'ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೇ ಈಗ ಬೆಂಗಳೂರು ದಕ್ಷಿಣ ಅಂತ ಹೆಸರು' ಎಂದು ಹೋದ ವಾರ ನಾನೇ ಗ್ರೂಪಿಗೆ ಹಾಕಿದ್ದೆ. ಅದು ತಪ್ಪು.

ಹೆಸರು ಬದಲಾಗಿದ್ದಲ್ಲ, ಕ್ಷೇತ್ರವೇ ಹೋಯಿತು. 2001ರ ಜನಗಣತಿ ಆಧರಿಸಿದ ಕ್ಷೇತ್ರ ಮರುವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಉತ್ತರಹಳ್ಳಿ ಎಂಬ ಭಾರೀ ಕ್ಷೇತ್ರ ಒಡೆದು, ಅದರ ಭಾಗಗಳು ಬೇರೆ ಬೇರೆ ಕ್ಷೇತ್ರಗಳಿಗೆ ಸೇರಿದವು. ಬೆಂಗಳೂರು ದಕ್ಷಿಣ ಅವುಗಳಲ್ಲಿ ಒಂದು, ಅಷ್ಟೇ. ಬಿನ್ನಿಪೇಟೆ ಕ್ಷೇತ್ರವೂ ಆಗಲೇ ಇಲ್ಲವಾಯಿತು. ನಗರದ ಸೀಟುಗಳು ಮಾತ್ರ 16ರಿಂದ 28ಕ್ಕೆ ಏರಿದವು.

ಗೊಂದಲ ಆಗೋದು ಸಹಜ ಬಿಡಿ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಅದೇ ಹೆಸರಿನ ಲೋಕಸಭಾ ಕ್ಷೇತ್ರದಲ್ಲೇ ಇಲ್ಲ, ಬೆಂಗಳೂರು ಗ್ರಾಮಾಂತರದಲ್ಲಿದೆ! ಹಳೇ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿ.